22 ತಾಸಿನ ಬಾಯಿಬೀಗ

ನಮ್ಮ ಕಲಬುರಗಿ ಕಡೆ ಹಲ್ಲು ನೋಡುವ ವಿದ್ಯೆ ಬೆಳೆದದ್ದು ದನದ ಸಂತೆಯಲ್ಲಿ. ಎತ್ತು ಕೊಳ್ಳಲು ಬಂದ ರೈತ ಮೊದಲು ಕಾಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊನೆಗೆ ಮೂಗುದಾಣ ಹಿಡಿದು, ಕೆಳತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎನ್ನುವಲ್ಲಿಗೆ ವಯಸ್ಸಿನ ಲೆಕ್ಕ ಮುಗಿಯಿತು. ದಲ್ಲಾಳಿ ಎಷ್ಟೇ ಆಣೆ ಮಾಡಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ಎತ್ತಿಗೆ ಇನ್ನೊಂದು ಅನುಕೂಲವೂ ಉಂಟು: ಅದಕ್ಕೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಹಾಗಾಗಿ ಉಬ್ಬುಹಲ್ಲಿನ ಎತ್ತು ಎಂಬ ದೂರು ಯಾವ ಸಂತೆಯಲ್ಲೂ ಹುಟ್ಟಿಲ್ಲ. ಆ ಭಾಗ್ಯ ಮನುಷ್ಯರದು.

ಮನುಷ್ಯರಲ್ಲಿ ಈ ವಿದ್ಯೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಳಕೆಗೆ ಬಂತು. ಹುಡುಗಿ ಚಾದ ತಟ್ಟೆ ಹಿಡಿದು ಬಂದು ಕೂತ ಮೇಲೆ ಗಂಡಿನ ಕಡೆಯ ಯಾರೋ ಒಬ್ಬ ಹಿರಿಯಾಕೆ ಒಂದು ನಗೆಮಾತು ಆಡುತ್ತಾಳೆ. ಅದು ನಗಿಸಲಿಕ್ಕಲ್ಲ, ತಪಾಸಣೆಗೆ. ಹುಡುಗಿಯೂ ಜಾಣೆಯಾದರೆ ಸೆರಗು ಬಾಯಿಗೆ ಹಚ್ಚಿ ನಗುತ್ತಾಳೆ. ಅಲ್ಲಿಗೆ ಆಟ ಸರಿಸಮ. ಗಂಡಿನ ಹಲ್ಲನ್ನು ಮಾತ್ರ ಯಾರೂ ನೋಡಲಿಲ್ಲ. ಹೊಲ ಎಷ್ಟು ಎಕರೆ, ತೊಗರಿ ಎಷ್ಟು ಕ್ವಿಂಟಲ್, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಕಾಯಮ್ಮೋ ಗುತ್ತಿಗೆಯೋ, ಇಷ್ಟು ಗೊತ್ತಾದರೆ ಅವನ ಬಾಯಿಯೊಳಗೆ ಏನಿದ್ದರೂ ನಡೆಯುತ್ತಿತ್ತು.

ಹಳೆಯ ಕಾಲದವರು ನಗುವುದನ್ನೇ ಬೇರೆ ಬಗೆಯಲ್ಲಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ಚಿತ್ತಾಪುರದ ಮಗ್ಗುಲಿಗೆ ಒಂದು ಕಾಲದ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ, ನಾಗಾವಿ. ಸೇಡಂ ದಾರಿ ಹಿಡಿದರೆ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. ಭೀಮಾ ದಂಡೆಗೆ ಹೋದರೆ ಸನ್ನತಿ. ಕೆತ್ತಿದ ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ನಮ್ಮ ಗುಡಿಗಳ ಕಲ್ಲುಗಳಲ್ಲಿ ದೇವರಾಗಲಿ ದೊರೆಯಾಗಲಿ ನಗುವುದು ತುಟಿ ಮುಚ್ಚಿಕೊಂಡೇ. ಹಲ್ಲು ಕಿಸಿಯುವ ಕೆಲಸವನ್ನು ಕೀರ್ತಿಮುಖಕ್ಕೂ ಭೈರವನಿಗೂ ರಾಕ್ಷಸರಿಗೂ ವಹಿಸಿಬಿಟ್ಟಿದ್ದರು. ಈ ಮರ್ಯಾದೆಯನ್ನು ಮುರಿದದ್ದು ಮೊಬೈಲಿನ ಕ್ಯಾಮೆರಾ. ಈಗ ಫೋಟೊ ಎಂದರೆ ಹಲ್ಲು. ಮದುವೆ ಮನೆಯಲ್ಲಿ ಫೋಟೊದವನು "ನಗ್ರಿ, ನಗ್ರಿ" ಎಂದು ಬೆನ್ನು ಹತ್ತಿದಾಗ, ಮುಂದಿನ ಹಲ್ಲು ಒಂದರ ಮೇಲೊಂದು ಏರಿದವರು ಎಲ್ಲಿಗೆ ಹೋಗಬೇಕು?

ನನ್ನ ತಂಗಿಯ ಮಗಳು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ನನ್ನ ಸೊಸಿ, ಹೋದದ್ದು ದಂತವೈದ್ಯರ ಹತ್ತಿರ. ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ದಿನವೂ ಕಂಪ್ಯೂಟರ್ ಪರದೆಯ ಮೇಲೆ ಮೀಟಿಂಗು. ಅಲ್ಲಿ ಮಾತಾಡುವವರ ಮುಖದ ಜೊತೆ ತನ್ನ ಮುಖವೂ ಕಾಣುತ್ತದಂತೆ. ಇಡೀ ದಿನ ತನ್ನನ್ನು ತಾನೇ ನೋಡಿಕೊಂಡರೆ ಯಾರಿಗಾದರೂ ಒಂದು ಕೊರತೆ ಸಿಕ್ಕೇ ಸಿಗುತ್ತದೆ. ಅವಳಿಗೆ ಸಿಕ್ಕದ್ದು ಕೆಳಗಿನ ಸಾಲಿನ ಇಕ್ಕಟ್ಟು, ಮೇಲಿನ ಎರಡು ಹಲ್ಲಿನ ಜಗಳ. ತಂತಿ ಕಟ್ಟಿಸಿಕೊಳ್ಳಲು ನಾಚಿಕೆ. ಅಲೈನರ್ ಹಾಕಿಸಿಕೊಂಡಳು.

ಎಳ್ಳಮಾಸಿಗೆ ಊರಿಗೆ ಬಂದಾಗ ಅದನ್ನು ನಾವೆಲ್ಲ ನೋಡಿದೆವು. ಎಳ್ಳಮಾಸಿ ಎಂದರೆ ನಮ್ಮಲ್ಲಿ ಹೊಲದ ಹಬ್ಬ. ಹಸಿರು ಜೋಳದ ನಡುವೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ ಹರಡಿಕೊಂಡು ಕೂತರೆ ಊಟಕ್ಕೆ ಆರಂಭವುಂಟು, ಅಂತ್ಯವಿಲ್ಲ. ಗಂಟು ಬಿಚ್ಚುವ ಹೊತ್ತಿಗೆ ಸೊಸಿ ಅತ್ತ ತಿರುಗಿ, ಹಿಂದಿನ ಹಲ್ಲಿಗೆ ಉಗುರು ಸಿಕ್ಕಿಸಿ, ಬಾಯಿಂದ ಏನನ್ನೋ ಟಕ್ಕೆಂದು ಕಿತ್ತು ಸಣ್ಣ ಡಬ್ಬಿಗೆ ಹಾಕಿದಳು. ನಮ್ಮವ್ವ ಅದನ್ನು ಈಸಿಕೊಂಡು ಬಿಸಿಲಿಗೆ ಹಿಡಿದಳು.

"ಏನವಾ ಇದು?"

"ಹಲ್ಲು ನೆಟ್ಟಗ ಮಾಡೂದು, ಆಯಿ. ಬಾಯಾಗ ಇದ್ರೂ ಕಾಣಂಗಿಲ್ಲ."

"ಕಾಣಂಗಿಲ್ಲಂದ್ರ ಅಷ್ಟು ರೊಕ್ಕ ಯಾತಕ್ಕ ಕೊಟ್ಟಿ?"

ಬಂಗಾರವಾದರೂ ಹತ್ತು ಮಂದಿಗೆ ಕಂಡರೇ ಅದಕ್ಕೆ ಬೆಲೆ ಎಂದು ನಂಬಿ ಬಾಳಿದವಳಿಗೆ, ಕಾಣದೇ ಇರುವುದಕ್ಕೆಂದೇ ಹೆಚ್ಚು ದುಡ್ಡು ಎಂಬ ವ್ಯಾಪಾರ ಅರ್ಥವಾಗುವುದು ಹೇಗೆ?

ಆ ವಸ್ತು ನನ್ನ ಕೈಗೂ ಬಂತು. ಗಾಜಿನಷ್ಟು ತಿಳಿ, ಉಗುರಿನಷ್ಟು ತೆಳು. ಹಲ್ಲಿನ ಸಾಲಿನ ಒಂದೊಂದು ಏರಿಳಿತವೂ ಅದರಲ್ಲಿ ಅಚ್ಚೊತ್ತಿತ್ತು. ಒಸಡಿನ ಅಂಚಿಗೆ ತಕ್ಕಂತೆ ಕಮಾನು ಕಮಾನಾಗಿ ಕತ್ತರಿಸಿದ್ದರು. ಒಂದು ಮೂಲೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಮೇಲಿನದೋ ಕೆಳಗಿನದೋ, ಸರಣಿಯಲ್ಲಿ ಎಷ್ಟನೆಯದೋ ಎಂಬ ಗುರುತು. ಅಲ್ಲಲ್ಲಿ ಸಣ್ಣ ಗುಳಿಗಳಿದ್ದವು. ಅವು ಯಾತಕ್ಕೆಂದು ಕೇಳಿದರೆ ಸೊಸಿ ಬಾಯಿ ತೆರೆದು ತೋರಿಸಿದಳು: ಕೆಲವು ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಾಸಿವೆ ಗಾತ್ರದ ಉಬ್ಬು ಅಂಟಿಸಿದ್ದಾರೆ. ಅಟ್ಯಾಚ್‌ಮೆಂಟ್ ಎನ್ನುತ್ತಾರಂತೆ. ನುಣುಪಾದ ಹಲ್ಲನ್ನು ಪ್ಲಾಸ್ಟಿಕ್ಕು ಹಿಡಿಯಬೇಕಾದರೆ ಹಿಡಿಕೆ ಬೇಕಲ್ಲ. ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಹಲ್ಲುಜ್ಜಿ, ಮತ್ತೆ ತೊಟ್ಟು, ಬೆರಳುದ್ದದ ಮೆತ್ತನೆಯ ಸುರುಳಿಯೊಂದನ್ನು ಆ ಕಡೆ ಈ ಕಡೆ ಕಚ್ಚಿದಳು. ಪ್ಲಾಸ್ಟಿಕ್ಕು ಹಲ್ಲಿಗೆ ಸರಿಯಾಗಿ ಕೂಡಲೆಂದು ಅದು. ಅಷ್ಟರಲ್ಲಿ ನಮ್ಮ ಅಣ್ಣ ಎರಡನೇ ಸುತ್ತಿನ ಹೋಳಿಗೆ ಹಿಡಿದು ಬಂದ. ಅವಳ ಮುಖ ನೋಡಬೇಕಿತ್ತು.

ಕೆಲಸ ಮಾಡುವ ಬಗೆ ಹೀಗೆ. ಮೊದಲು ಬಾಯಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಾರೆ. ಈಗಿನ ಸೊಟ್ಟ ಸಾಲಿನಿಂದ ಮುಂದಿನ ನೇರ ಸಾಲಿನವರೆಗೆ ಹಲ್ಲುಗಳು ನಡೆಯಬೇಕಾದ ದಾರಿಯನ್ನು ಹಂತ ಹಂತವಾಗಿ ಹಂಚಿ, ಒಂದೊಂದು ಹಂತಕ್ಕೆ ಒಂದೊಂದು ಅಲೈನರ್ ಮಾಡುತ್ತಾರೆ. ಒಂದೊಂದೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ತಳ್ಳುತ್ತದೆ. ವಾರಕ್ಕೋ ಎರಡು ವಾರಕ್ಕೋ ಹಳೆಯದನ್ನು ತೆಗೆದು ಮುಂದಿನದು. ಹಲ್ಲು ನೇರವಾಗಿ ಎಲುಬಿಗೆ ಅಂಟಿಕೊಂಡಿಲ್ಲ. ನಡುವೆ ತೆಳುವಾದ ನಾರಿನ ಪದರವಿದೆ. ಒಂದು ಕಡೆಯಿಂದ ಹಗುರವಾಗಿ, ಬಿಡದೆ ಒತ್ತಿದರೆ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಬಿಟ್ಟುಹೋದ ಕಡೆ ಹೊಸ ಎಲುಬು ತುಂಬುತ್ತದೆ. ಹಾಗೆ ಹಲ್ಲು ಮೆಲ್ಲನೆ ದಾರಿ ಮಾಡಿಕೊಂಡು ಹೋಗುತ್ತದೆ. ತಂತಿ ಮಾಡುವುದೂ ಇದನ್ನೇ, ಅಲೈನರ್ ಮಾಡುವುದೂ ಇದನ್ನೇ. ಬಿಡದೆ ಒತ್ತುವುದು ಎಂಬುದೊಂದು ಮಾತು ನೆನಪಿರಲಿ. ಇಡೀ ಕಥೆ ನಿಂತಿರುವುದು ಅದರ ಮೇಲೆ.

ಯೋಚನೆ ತೀರ ಹೊಸದಲ್ಲ. ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ 1945ರಲ್ಲೇ ರಬ್ಬರಿನ ಅಚ್ಚು ತೊಡಿಸಿ, ತಂತಿ ಬಿಚ್ಚಿದ ಮೇಲೆ ಉಳಿದ ಸಣ್ಣಪುಟ್ಟ ಸೊಟ್ಟು ತಿದ್ದುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸಿ ಕಾರ್ಖಾನೆಯ ಸರಕು ಮಾಡಿದವರು ದಂತವೈದ್ಯರೇ ಅಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ವ್ಯಾಪಾರ ವಿದ್ಯೆ ಓದಿದ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್. 1997ರಲ್ಲಿ ಅವರು ಕಟ್ಟಿದ ಅಲೈನ್ ಟೆಕ್ನಾಲಜಿ ಕಂಪನಿಯ ಇನ್ವಿಸಲೈನ್‌ಗೆ ಮರುವರ್ಷವೇ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. ಚಿಶ್ತಿ ಎಂಬ ಹೆಸರು ಕೇಳಿದ ಕೂಡಲೇ ಕಲಬುರಗಿಯವರ ಕೈ ತಾನಾಗಿ ಬಂದೇನವಾಜರ ದರ್ಗಾದ ದಿಕ್ಕಿಗೆ ಜೋಡುತ್ತದೆ. ಚಿಶ್ತಿ ಪರಂಪರೆಯ ದೊಡ್ಡ ಸಂತರವರು. ನಮ್ಮ ನೆರೆಯ ಹಿರಿಯರೊಬ್ಬರು ಇದನ್ನು ಕೇಳಿ, "ಹಂಗಾದ್ರ ಬರಕತ್ ಇದ್ದೇ ಇರ್ತದ" ಎಂದು ತೀರ್ಪು ಕೊಟ್ಟರು. ಆದರೆ ಹಲ್ಲಿನ ವಿಷಯದಲ್ಲಿ ಬರಕತ್ತಿನ ಜೊತೆ ಲೆಕ್ಕವನ್ನೂ ನೋಡಬೇಕಾಗುತ್ತದೆ.

ಆ ಲೆಕ್ಕವನ್ನು ನನಗೆ ಚೊಕ್ಕವಾಗಿ ಹೇಳಿಕೊಟ್ಟವನು ಅಂಗಳದ ಪರಸಿ ಕೂಡಿಸಲು ಬಂದ ಗೌಂಡಿ. ಶಹಾಬಾದಿನ ಕಲ್ಲು ಕಡಿದು ಕೂಡಿಸುವುದರಲ್ಲೇ ಆಯುಷ್ಯ ಕಳೆದವನು. ಸೊಸಿ ಫೋನಿನಲ್ಲಿ ತನ್ನ ಹಲ್ಲುಗಳು ಸಾಲುಗೂಡುವ ಚಿತ್ರ ತೋರಿಸುತ್ತಿದ್ದಾಗ ಅವನೂ ಕೈಯೊರೆಸಿಕೊಂಡು ಬಂದು ಬಗ್ಗಿ ನೋಡಿದ.

"ಇದು ನಮ್ಮ ಕೆಲಸಾನೇ ಅದ ನೋಡ್ರಿ, ಮಾಸ್ತರ. ಪರಸಿ ಜಾಸ್ತಿ, ಜಾಗಾ ಕಡಿಮಿ. ಮೂರೇ ದಾರಿ. ಅಂಚು ತಿಕ್ಕಬೇಕು, ಇಲ್ಲಾ ಒಂದು ಪರಸಿ ತೆಗೀಬೇಕು, ಇಲ್ಲಾ ಗ್ವಾಡಿ ಹಿಂದಕ್ಕ ಸರಸಬೇಕು."

ಹಲ್ಲು ಸರಿಪಡಿಸುವ ಆರ್ಥೊಡಾಂಟಿಸ್ಟರು ಎಂ.ಡಿ.ಎಸ್. ಓದಿ ಕಲಿಯುವುದರ ಸಾರವನ್ನು ಅವನು ಸುಣ್ಣದ ಕೈಯಲ್ಲಿ ಎಣಿಸಿಬಿಟ್ಟ. ಹಲ್ಲಿನ ನಡುವೆ ಅರ್ಧ ಮಿಲಿಮೀಟರಿನೊಳಗೆ ಎನಾಮೆಲ್ ತಿಕ್ಕಿ ಜಾಗ ಮಾಡುವುದು ಒಂದು. ಹಲ್ಲು ಕೀಳುವುದು ಎರಡು. ದವಡೆಯ ಕಮಾನು ಹಿಗ್ಗಿಸುವುದು ಮೂರು. ಸೊಸಿಗೆ ಆದದ್ದು ಮೊದಲನೆಯದು. ಅಲೈನರ್ ಚೆನ್ನಾಗಿ ಕೆಲಸ ಮಾಡುವುದೂ ಇಂಥಲ್ಲಿಯೇ: ಅಂಚು ತಿಕ್ಕಿದರೆ ಸಾಕಾಗುವ ಸಣ್ಣ ಇಕ್ಕಟ್ಟು, ಸಣ್ಣ ಸಂದು, ತುಸು ವಾಲಿದ ಹಲ್ಲು. ಹಲ್ಲು ಕಿತ್ತು ದೊಡ್ಡ ಜಾಗ ಮುಚ್ಚಬೇಕಾದಲ್ಲಿ, ದವಡೆಯೇ ಮುಂದೆ ಹಿಂದೆ ಇದ್ದಲ್ಲಿ ಪ್ಲಾಸ್ಟಿಕ್ಕಿನ ತಾಕತ್ತು ಸೋರಿಹೋಗುತ್ತದೆ.

ಇದನ್ನು ಅಳೆದವರೂ ಇದ್ದಾರೆ. ಅಮೆರಿಕದ ನೀಲ್ ಕ್ರಾವಿಟ್ಜ್ ಮತ್ತು ಸಂಗಡಿಗರು 37 ಮಂದಿಯ ಮುಂದಿನ ಹಲ್ಲುಗಳನ್ನು ಅಳೆದು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್ ಇಷ್ಟು ಸರಿಯುತ್ತದೆ ಎಂದದ್ದರಲ್ಲಿ ಬಾಯಿಯೊಳಗೆ ನಿಜವಾಗಿ ನಡೆದದ್ದು ಸರಾಸರಿ ಶೇ 41. ಹಲ್ಲನ್ನು ಒಸಡಿನಿಂದ ಹೊರಕ್ಕೆ ಎಳೆಯುವ ಕೆಲಸದಲ್ಲಂತೂ ಶೇ 30ನ್ನೂ ಮುಟ್ಟಲಿಲ್ಲ. ಎಳೆಯಬೇಕಾದರೆ ಹಿಡಿತ ಬೇಕು. ಪ್ಲಾಸ್ಟಿಕ್ಕು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸಡಿಲ. ದುಂಡನೆಯ ಕೋರೆಹಲ್ಲನ್ನು ತಿರುಗಿಸುವುದೂ ಹಾಗೆಯೇ, ಜಾರುತ್ತದೆ. ಆಮೇಲೆ ಪ್ಲಾಸ್ಟಿಕ್ಕು ಬದಲಾಯಿತು, ಅಟ್ಯಾಚ್‌ಮೆಂಟುಗಳು ಸುಧಾರಿಸಿದವು. ಕ್ರಾವಿಟ್ಜ್ ಇದ್ದ ತಂಡವೇ 2020ರಲ್ಲಿ ಮತ್ತೆ ಅಳೆದಾಗ ಸರಾಸರಿ ಶೇ 50ಕ್ಕೆ ಏರಿತ್ತು.

ನೂರಕ್ಕೆ ಐವತ್ತು! ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕೆಳಗಿನಿಂದ ಹುಡುಕಿದರೆ ಬೇಗ ಸಿಗುವ ಜಿಲ್ಲೆ ನಮ್ಮದು. 35 ಬಂದರೆ ಪೇಢೆ ಹಂಚುವ ಮನೆಗಳಲ್ಲಿ ಪಾಠ ಹೇಳಿದವನು ನಾನು. ಐವತ್ತನ್ನು ಕೀಳಾಗಿ ಕಾಣುವ ಧೈರ್ಯ ನನಗಿಲ್ಲ. ಅದರ ಅರ್ಥ ಅರ್ಧ ಮಂದಿಗೆ ಹಲ್ಲು ಸೊಟ್ಟಗೇ ಉಳಿಯುತ್ತದೆ ಎಂದಲ್ಲ. ಮೊದಲ ಸರಣಿ ಮುಗಿದಾಗ ಎಲ್ಲ ಹಲ್ಲೂ ಕಂಪ್ಯೂಟರ್ ಹೇಳಿದ ಜಾಗಕ್ಕೆ ಬಂದು ನಿಂತಿರುವುದಿಲ್ಲ. ಮತ್ತೆ ಸ್ಕ್ಯಾನ್ ಮಾಡಿ, ಎರಡನೇ ಸರಣಿ ಮಾಡಿ, ಉಳಿದದ್ದನ್ನು ತಿದ್ದಬೇಕಾಗುತ್ತದೆ. ಸಪ್ಲಿಮೆಂಟರಿ ಪರೀಕ್ಷೆ ನಮಗೆ ಹೊಸದೇನಲ್ಲ. ಆದರೆ ಚಿಕಿತ್ಸೆ ಶುರುವಾಗುವ ಮುನ್ನ ಪರದೆಯ ಮೇಲೆ ಕುಣಿದು ಸಾಲುಗೂಡುವ ಹಲ್ಲಿನ ಚಿತ್ರವಿದೆಯಲ್ಲ, ಅದು ಯೋಜನೆ ಮಾತ್ರ, ಫಲಿತಾಂಶವಲ್ಲ ಎಂಬುದು ದುಡ್ಡು ಎಣಿಸುವ ಮುಂಚೆಯೇ ತಿಳಿದಿರಬೇಕು. ತಂತಿಯ ಜೊತೆ ತೂಗಿ ನೋಡಿದ 2005ರ ಒಂದು ಅಧ್ಯಯನವೂ ಇದೇ ದಾರಿಯದು. ಸಂದು ಮುಚ್ಚುವುದರಲ್ಲಿ, ಮುಂದಿನ ಹಲ್ಲು ತಿದ್ದುವುದರಲ್ಲಿ ಅಲೈನರ್ ಹಿಂದೆ ಬೀಳಲಿಲ್ಲ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂಡಿ ಅಗಿಯುವಂತೆ ಮಾಡುವುದರಲ್ಲಿ ತಂತಿಯೇ ಮುಂದಿತ್ತು. ನಗಲಿಕ್ಕೆ ಅಲೈನರ್, ನುರಿಸಲಿಕ್ಕೆ ತಂತಿ ಎಂದರೆ ತುಸು ಅತಿಯಾದೀತು, ಪೂರ್ತಿ ಸುಳ್ಳಾಗದು.

ಇಷ್ಟೆಲ್ಲ ಲೆಕ್ಕವೂ ದಿನಕ್ಕೆ 20ರಿಂದ 22 ತಾಸು ಅದು ಬಾಯಲ್ಲಿದ್ದರೆ ಮಾತ್ರ. ತೊಟ್ಟಾಗ ನೀರು ಬಿಟ್ಟು ಬೇರೇನೂ ನಡೆಯದು. ಅದೂ ತಣ್ಣೀರು, ಬಿಸಿ ತಗುಲಿದರೆ ಪ್ಲಾಸ್ಟಿಕ್ಕು ಸೊಟ್ಟಾಗುತ್ತದೆ, ಚಾ ಬಿದ್ದರೆ ಬಣ್ಣ ಕುಡಿಯುತ್ತದೆ, ಸಕ್ಕರೆ ಒಳಗೆ ಸಿಕ್ಕಿಬಿದ್ದರೆ ಹಲ್ಲಿಗೆ ಹುಳುಕು. ಅಂದರೆ ಬಾಯಿಗೆ ದಿನಕ್ಕೆ ಸಿಗುವ ಬಿಡುವು ಎರಡು ತಾಸು, ಹೆಚ್ಚೆಂದರೆ ನಾಲ್ಕು. ಈ ನಿಯಮ ಮಾಡಿದವರು ಚಿತ್ತಾಪುರದ ಬಸ್‌ಸ್ಟ್ಯಾಂಡು ನೋಡಿಲ್ಲ. ಇಲ್ಲಿ ಚಾ ಎನ್ನುವುದು ಪಾನೀಯವಲ್ಲ, ಮಾತಿಗೆ ಹಾಕುವ ಪೀಠಿಕೆ. ಎದುರಾದವನು "ಬರ್ರಿ, ಚಾ ಕುಡೀಮು" ಅಂದಾಗ, "ಒಂದ್ನಿಮಿಷ, ಹಲ್ಲು ಬಿಚ್ಚಿ ಬರ್ತೀನಿ" ಎನ್ನಲಾದೀತೆ? ಬೇಡ ಎಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರು ಕಾಯುವುದೂ ಚಾ ಕುಡಿಯುತ್ತಲೇ. ಸಂಜೆಯಾದರೆ ಮಿರ್ಚಿ ಭಜಿ, ಚುಡವಾ. ಅದು ಮುಗಿದರೆ ಎಲೆ ಅಡಿಕೆ. ಇನ್ನು ಗುಟ್ಕಾ ಮಂದಿಯ ಬಾಯಿಗೆ ನಿದ್ದೆಯಲ್ಲಿ ಮಾತ್ರ ರಜೆ. ಅವರು ಅಲೈನರಿಗಿಂತ ಮುಂಚೆ ಯೋಚಿಸಬೇಕಾದದ್ದು ಒಸಡು, ನಾಲಿಗೆ, ಜೀವದ ಬಗ್ಗೆ.

ಬೇಸಿಗೆಯಲ್ಲಂತೂ ಇನ್ನೊಂದು ಫಜೀತಿ. ನಲವತ್ತು ದಾಟಿದ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಡಬ್ಬಿ ಮರೆತರೆ ಪ್ಲಾಸ್ಟಿಕ್ಕು ತನ್ನದೇ ಆಕಾರ ಹುಡುಕಿಕೊಳ್ಳುತ್ತದೆ. ಮದುವೆ ಊಟದಲ್ಲಿ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರೆ ಉಂಡೆಲೆಯ ಜೊತೆ ತಿಪ್ಪೆ ಸೇರುತ್ತದೆ. ಸೊಸಿಯ ವಾರಿಗೆಯ ಹುಡುಗಿಯೊಬ್ಬಳದು ಹಾಗೇ ಹೋಯಿತಂತೆ. ಮದುಮಗನ ಕಡೆಯವರೂ ಸೇರಿ ಎಲೆ ಕೆದರಿ ಹುಡುಕಿದರಂತೆ. ಬಂಗಾರ ಕಳೆದಿದೆ ಎಂದು ತಿಳಿದವರು ಕೆದರಿದ ಹುರುಪು, ಪ್ಲಾಸ್ಟಿಕ್ಕು ಎಂದು ಗೊತ್ತಾದ ಮೇಲೆ ಇಳಿದುಹೋಯಿತಂತೆ.

ಇದರಲ್ಲಿ ಒಂದು ಲಾಭವೂ ಆಗಿದೆ. ಪ್ರತಿ ಸಲ ಬಿಚ್ಚು, ತಿನ್ನು, ಉಜ್ಜು, ತೊಡು ಎಂಬ ಕಾಟಕ್ಕೆ ಬೇಸತ್ತು ಸೊಸಿ ನಡುನಡುವೆ ತಿನ್ನುವುದನ್ನೇ ಬಿಟ್ಟಿದ್ದಾಳೆ. ತಂತಿ ಕಟ್ಟಿಸಿಕೊಂಡವರಿಗೆ ಅದರ ಸಂದಿನಲ್ಲಿ ಸಿಕ್ಕ ತುಣುಕು ತೆಗೆಯುವುದೇ ಒಂದು ಉದ್ಯೋಗ. ಬಿಚ್ಚಿಟ್ಟು ಉಜ್ಜುವ ಸೌಕರ್ಯ ಅಲೈನರಿನದು. ತಂತಿ ಚುಚ್ಚಿತು, ಕಿತ್ತು ಬಂತು ಎಂದು ರಾತ್ರಿ ಓಡುವ ತಾಪತ್ರಯವೂ ಇಲ್ಲ. ನ್ಯಾಯವಾಗಿ ಇದನ್ನೂ ಹೇಳಬೇಕು.

ನಮ್ಮ ಮುತ್ಯಾಗೆ ಇವೆರಡೂ ಬೇಕಾಗಲಿಲ್ಲ. ಅವರ ಹಲ್ಲು ಸಾಲಾಗಿದ್ದವು, ಅಗಲವಾಗಿದ್ದವು; ಕಂದು ಕಲೆಯೊಂದು ಬಿಟ್ಟರೆ ಕೊರತೆಯಿರಲಿಲ್ಲ. ಖಡಕ್ ಜೋಳದ ರೊಟ್ಟಿಯನ್ನು ನೆನೆಸದೆ, ಸಪ್ಪಳ ಪಕ್ಕದ ಮನೆಗೆ ಕೇಳುವಂತೆ ಮುರಿದು ತಿನ್ನುತ್ತಿದ್ದರು. ಅದಕ್ಕೂ ಸಾಲಿಗೂ ಸಂಬಂಧವಿದ್ದೀತೆ? ರಾಬರ್ಟ್ ಕೊರುಚಿನಿ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಇಲ್ಲಿಯವರ ಜೊತೆ ಸೇರಿ ಉತ್ತರ ಭಾರತದ ಹಳ್ಳಿ ಮತ್ತು ಪಟ್ಟಣದ ಹರೆಯದವರ ಬಾಯಿ ಪರೀಕ್ಷಿಸಿ 1983ರಲ್ಲಿ ಬರೆದರು: ಒರಟು ಆಹಾರದ ಹಳ್ಳಿಯವರಿಗಿಂತ ಮೆತ್ತನೆಯದು ತಿನ್ನುವ ಪಟ್ಟಣಿಗರಲ್ಲಿ ಹಲ್ಲಿನ ಹೊಂದಾಣಿಕೆ ಹೆಚ್ಚು ಕೆಟ್ಟಿದೆ. ಎಳವೆಯಲ್ಲಿ ಅಗಿಯುವ ಕೆಲಸ ಸಿಗದ ದವಡೆ ಸಾಕಷ್ಟು ಬೆಳೆಯುವುದಿಲ್ಲ, ಹಲ್ಲಿಗೆ ಜಾಗ ಸಾಲುವುದಿಲ್ಲ ಎಂಬುದು ಅವರ ವಾದ. ಅಪ್ಪ ಅವ್ವನಿಂದ ಬಂದ ದವಡೆಯ ಪಾಲು ದೊಡ್ಡದು, ರೊಟ್ಟಿಯೊಂದನ್ನೇ ನಂಬಬೇಡಿ ಎನ್ನುವವರೂ ಉಂಟು. ನಮ್ಮವ್ವನಿಗೆ ಮಾತ್ರ ವಿಜ್ಞಾನ ಕಡೆಗೂ ದಾರಿಗೆ ಬಂತು ಎಂಬ ಸಮಾಧಾನ. "ಸಣ್ಣಾಕಿದ್ದಾಗ ಬ್ರೆಡ್ಡು ಬಿಸ್ಕೀಟು ಕೊಟ್ಟು ಬೆಳಸಿದ್ರಿ. ರೊಟ್ಟಿ ತಿನ್ನಿಸಿದ್ರ ಲಕ್ಷ ರೂಪಾಯಿ ಉಳೀತಿತ್ತಿಲ್ಲೋ?" ಎಂದು ನನ್ನ ತಂಗಿಯನ್ನು ಹಣಿಯುತ್ತಾಳೆ. ಬೆಳೆದು ನಿಂತ ದವಡೆಯ ಮೇಲೆ ರೊಟ್ಟಿಯ ಆಟ ನಡೆಯದು ಎಂದರೆ ಕೇಳುವವರಾರು?

ಲಕ್ಷ ಎಂದದ್ದು ಅವಳ ಉತ್ಪ್ರೇಕ್ಷೆಯಲ್ಲ. ಒಳ್ಳೆಯ ಅಲೈನರಿನ ಬೆಲೆ ಆ ಆಸುಪಾಸಿನಲ್ಲೇ ಓಡಾಡುತ್ತದೆ, ತಂತಿ ಅದಕ್ಕಿಂತ ಎಷ್ಟೋ ಅಗ್ಗ. ಈ ಬೆಲೆಯ ಕಾರಣಕ್ಕೇ ಮನೆಗೇ ಕಿಟ್ಟು ಕಳಿಸುವ ವ್ಯಾಪಾರ ಹುಟ್ಟಿತು. ನೀವೇ ಬಾಯಿಯ ಅಚ್ಚು ತೆಗೆದು ಕಳಿಸಿ, ಅಲೈನರ್ ಡಬ್ಬಿ ಮನೆಗೆ ಬರುತ್ತದೆ. ಚಿಂಚೋಳಿಯ ಕುಂಚಾವರಂ ಕಾಡಿನ ಅಂಚಿಗೂ ಈಗ ಕೊರಿಯರ್ ಮುಟ್ಟುವಾಗ ಆಸೆ ಹುಟ್ಟುವುದು ಸಹಜ. ಆದರೆ ಒಸಡು ಗಟ್ಟಿಯಿದೆಯೇ, ಬೇರು ಎಷ್ಟುದ್ದ, ಒಳಗೆ ಹೂತುಹೋದ ಹಲ್ಲಿದೆಯೇ ಎಂಬುದನ್ನು ಎಕ್ಸ್‌ರೇ ನೋಡದೆ ಹೇಳುವುದು ಹೇಗೆ? ಅಮೆರಿಕದಲ್ಲಿ ಇಂಥ ವ್ಯಾಪಾರದಿಂದ ಹೆಸರಾದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2014ರಲ್ಲಿ ಶುರುವಾಗಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೆ ಬಂದವರ ಹಲ್ಲುಗಳು ನಡುದಾರಿಯಲ್ಲಿ ನಿಂತವು. ನಮಗೇನು, ಕಲಬುರಗಿ ಗಾಡಿ ಹತ್ತಿದರೆ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ನಿಜಲಿಂಗಪ್ಪ ದಂತ ಕಾಲೇಜಿದೆ, ಅಲ್-ಬದರ್ ಇದೆ, ಇ.ಎಸ್.ಐ.ಸಿ.ಯದೂ ಇದೆ. ಒಂದು ಎಕ್ಸ್‌ರೇ, ಒಂದು ಸಲಹೆಗೆ ಬೆಂಗಳೂರಿನ ದಾರಿ ಹಿಡಿಯಬೇಕಾಗಿಲ್ಲ.

ಸೊಸಿಯ ಹಲ್ಲು ಈಗ ಹೆಚ್ಚುಕಡಿಮೆ ಸಾಲಿಗೆ ಬಂದಿವೆ. ಕೆಳಗಿನ ಒಂದು ಕೋರೆ ಮಾತ್ರ ಹಟಮಾರಿ. ಅದಕ್ಕೆ ಎರಡನೇ ಸರಣಿ ನಡೆದಿದೆ. ಮುಗಿದ ಮೇಲೂ ಬಿಡುಗಡೆಯಿಲ್ಲ. ಹಲ್ಲಿಗೆ ಹಳೆಯ ಜಾಗದ ಸೆಳೆತ ಬಲವಾದದ್ದು. ಕಾವಲು ತೆಗೆದರೆ ಮರಳಿ ಹೊರಡುತ್ತದೆ. ಆದ್ದರಿಂದ ರಾತ್ರಿ ಹೊತ್ತು ರಿಟೇನರ್ ತೊಡುತ್ತಿರಬೇಕು. ಎಷ್ಟು ದಿನ ಎಂದರೆ ಹಲ್ಲು ನೇರ ಇರಬೇಕೆಂದು ಆಸೆ ಇರುವಷ್ಟು ದಿನ. ಇದು ತಂತಿಯವರಿಗೂ ತಪ್ಪಿದ್ದಲ್ಲ.

ಹಾಗಾದರೆ ಅಲೈನರ್ ಕೆಲಸ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟು. ಸೊಟ್ಟು ಸಣ್ಣದಿದ್ದು, ಯೋಜನೆ ಮಾಡುವವರು ಕಲಿತ ಆರ್ಥೊಡಾಂಟಿಸ್ಟರಾಗಿದ್ದು, ತೊಡುವವರಲ್ಲಿ ಹಟವಿದ್ದರೆ ಮಾಡುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಅದು ದುಬಾರಿ ಪ್ಲಾಸ್ಟಿಕ್ಕು. ತಂತಿ ನೀವು ಮಲಗಿದರೂ ಮರೆತರೂ ತನ್ನ ಪಾಡಿಗೆ ದುಡಿಯುತ್ತದೆ. ಅಲೈನರ್ ಡಬ್ಬಿಯಲ್ಲಿ ಕೂತು ಯಾರ ಹಲ್ಲನ್ನೂ ತಿದ್ದಿದ್ದಿಲ್ಲ. ದುಡ್ಡು ಕಟ್ಟುವ ಮುಂಚೆ ಎಕ್ಸ್‌ರೇ ತೆಗೆಸಿ, ಎರಡನೇ ಸರಣಿ ಬೇಕಾದರೆ ಅದರ ಖರ್ಚು ಯಾರದೆಂದು ಕೇಳಿ, ರಿಟೇನರಿನ ಲೆಕ್ಕವನ್ನೂ ಕೂಡಿಸಿಕೊಳ್ಳಿ. ಆಮೇಲೆ ನಿಮ್ಮ ಒಂದು ದಿನದ ಚಾ ಎಣಿಸಿ ನೋಡಿ. ಎಣಿಕೆ ನಾಲ್ಕು ದಾಟಿದರೆ ನಾಚಿಕೆ ಬಿಟ್ಟು ತಂತಿಯನ್ನೇ ಕಟ್ಟಿಸಿಕೊಳ್ಳಿ.